ಚಳಿ ಅಂತ ಒಳಗಿಟ್ಟ ಮಜ್ಜಿಗೆ ಹುಲ್ಲು ಕೊಳೆಯುತ್ತಿದೆ, ಉಳಿಸಿಕೊಳ್ಳೋದು ಹೇಗೆ?

ತಾರಸಿ_ತೋಟ (ಕುವೆಂಪುನಗರ, ಮೈಸೂರು) · ಜನವರಿ 9

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ದಸರಾ ಫಲಪುಷ್ಪ ಪ್ರದರ್ಶನಕ್ಕೆ ಅಂತ ಕುಪ್ಪಣ್ಣ ಪಾರ್ಕಿಗೆ ಹೋಗಿದ್ದೆ. ವಾಪಸ್ ಬರುವಾಗ ರಸ್ತೆ ಬದಿ ಒಬ್ಬರ ಹತ್ತಿರ ಮಜ್ಜಿಗೆ ಹುಲ್ಲಿನ (ಲೆಮನ್ ಗ್ರಾಸ್) ಸಸಿ ತಂದೆ. ಮೂರೇ ಮೂರು ಗರಿ ಇತ್ತು. 20 ಲೀಟರಿನ ಪೇಂಟ್ ಬಕೆಟ್ಟಿಗೆ ತೂತು ಹೊಡೆದು, ಅದರಲ್ಲಿ ನೆಟ್ಟು ತಾರಸಿಯಲ್ಲಿ ಇಟ್ಟೆ. ಮೊದಲ ವರ್ಷ ಎಷ್ಟು ಚೆನ್ನಾಗಿ ಬಂತು ಅಂದರೆ ಬೀದಿಯವರೆಲ್ಲ ಟೀಗೆ ಅಂತ ಕೇಳಿ ತೆಗೆದುಕೊಂಡು ಹೋಗುತ್ತಿದ್ದರು.

ಈ ಸಲ ಡಿಸೆಂಬರ್ ಮೊದಲ ವಾರದಿಂದ ಗರಿಗಳ ತುದಿ ಒಣಗೋಕೆ ಶುರುವಾಯಿತು. ಆಮೇಲೆ ಹಳದಿ. ಯೂಟ್ಯೂಬಿನಲ್ಲಿ ಹುಡುಕಿದೆ. ಚಳಿಗಾಲಕ್ಕೆ ಮುಂಚೆ ಗೇಣುದ್ದ ಬಿಟ್ಟು ಕತ್ತರಿಸಿ, ಮನೆ ಒಳಗೆ ಕತ್ತಲಲ್ಲಿ ಇಡಬೇಕು ಅಂತ ಒಬ್ಬರು ನೀಟಾಗಿ ತೋರಿಸಿದ್ದರು. ಹಾಗೇ ಮಾಡಿದೆ. ಸ್ಟೋರ್ ರೂಮಿನಲ್ಲಿ ಅಕ್ಕಿ ಡ್ರಮ್ಮಿನ ಪಕ್ಕ ಇಟ್ಟು, ವಾರಕ್ಕೆ ಎರಡು ಸಲ ಒಂದೊಂದು ಚೊಂಬು ನೀರು ಹಾಕಿದೆ. ಮೂರು ವಾರ ಆಯಿತು. ನಿನ್ನೆ ಅಕ್ಕಿ ತೆಗೆಯೋಕೆ ಹೋದರೆ ಚರಂಡಿ ವಾಸನೆ! ನಡುವಿನ ಒಂದು ಗರಿ ಹಿಡಿದು ಸುಮ್ನೆ ಎಳೆದೆ, ಬುಡ ಸಮೇತ ಕೈಗೆ ಬಂತು. ಬುಡ ಕಂದು ಬಣ್ಣ, ಲೊಳಲೊಳ.

ಪೂರ್ತಿ ಹೋಯಿತಾ? ಏನಾದರೂ ಮಾಡಬಹುದಾ?

ಬನ್ನೂರು_ಹುಡುಗ · ಜನವರಿ 9

ಅಕ್ಕ, ಎಪ್ಸಮ್ ಸಾಲ್ಟ್ ಒಂದು ಚಮಚ ನೀರಲ್ಲಿ ಕರಗಿಸಿ ಹಾಕಿ. ಹಳದಿ ಬಂದ ಗಿಡಕ್ಕೆ ಅದೇ ಮದ್ದು. ನನ್ನ ಗುಲಾಬಿಗೆ ಕೆಲಸ ಮಾಡಿದೆ.

ಕೂಳೆ_ಕಬ್ಬು (ಪಾಂಡವಪುರ ಕಡೆ, ಮಂಡ್ಯ) · ಜನವರಿ 9

ತಮ್ಮಾ, ಬುಡ ಕೊಳೆತಿರೋದಕ್ಕೆ ಉಪ್ಪು ಹಾಕಿ ಏನು ಉಪ್ಪಿನಕಾಯಿ ಮಾಡ್ತೀಯಾ? ಬೇರು ಸತ್ತ ಗಿಡ ಯಾವ ಗೊಬ್ಬರವನ್ನೂ ಎತ್ತಿಕೊಳ್ಳಲ್ಲ.

ಅಕ್ಕಾವ್ರೇ, ಮೊದಲು ನೀರು ನಿಲ್ಲಿಸಿ. ಬಕೆಟ್ಟನ್ನು ಇವತ್ತೇ ಹೊರಗೆ ತನ್ನಿ. ಆಮೇಲೆ ಮೂರು ವಿಷಯ ಹೇಳಿ. ಎರಡು ವರ್ಷದಲ್ಲಿ ಒಂದು ಸಲವಾದರೂ ಬುಡ ಸಿಗಿದು ಬೇರೆ ಮಾಡಿದ್ದೀರಾ? ಬಕೆಟ್ಟಿನ ತೂತು ತೆರೆದಿದೆಯಾ? ಡಿಸೆಂಬರಿನಲ್ಲಿ ಗಿಡ ಇದ್ದ ಜಾಗಕ್ಕೆ ಬಿಸಿಲು ಎಷ್ಟು ಹೊತ್ತು ಬೀಳುತ್ತಿತ್ತು?

ನಾವು ಕಬ್ಬು ಬೆಳೆಯೋರು. ಮಜ್ಜಿಗೆ ಹುಲ್ಲೂ ಕಬ್ಬೂ ಒಂದೇ ಕುಲ, ಎರಡೂ ಹುಲ್ಲೇ. ಕಬ್ಬು ಕಡಿದ ಮೇಲೆ ಕೂಳೆ ಬಿಡ್ತೀವಿ. ಆ ಬುಡ ಚಿಗುರೋದು ಬಿಸಿಲು ಬಿದ್ದರೆ, ಬೇರಿಗೆ ಗಾಳಿ ಆಡಿದರೆ. ಕೂಳೆ ಬಿಟ್ಟ ಗದ್ದೆಗೆ ಚಳಿ ಅಂತ ಯಾರಾದರೂ ಚಪ್ಪರ ಹಾಕ್ತಾರಾ?

ಶಿಕಾಗೋ_ಮೈಸೂರ್‌ಪಾಕ್ · ಜನವರಿ 10

ಅಯ್ಯೋ, ನೀವು ನೋಡಿದ್ದು ನಮ್ಮ ಕಡೆ ವಿಡಿಯೋ! ನಾನು ಹುಟ್ಟಿದ್ದು ಬೆಳೆದಿದ್ದು ಜಯಲಕ್ಷ್ಮೀಪುರಂನಲ್ಲಿ, ಈಗ ಶಿಕಾಗೋದಲ್ಲಿ ಇದ್ದೇನೆ. ಇಲ್ಲಿ ಪ್ರತಿ ವರ್ಷ ಈ ಸರ್ಕಸ್ ಮಾಡ್ತೀನಿ, ಅದಕ್ಕೇ ಹೇಳ್ತಿದ್ದೀನಿ.

ಈ ಹುಲ್ಲು ಬಿಸಿ ಸೀಮೆಯದು. ಸೊನ್ನೆ ಡಿಗ್ರಿಗೆ ಬಂದರೆ ಗರಿ ಸುಟ್ಟ ಹಾಗೆ ಆಗುತ್ತೆ. ಮಣ್ಣು ಹೆಪ್ಪುಗಟ್ಟಿದರೆ ಬುಡವೇ ಸಾಯುತ್ತೆ. ಇಲ್ಲಿ ಜನವರಿಯಲ್ಲಿ ಮೈನಸ್ ಇಪ್ಪತ್ತಕ್ಕೆ ಹೋಗೋದೂ ಉಂಟು. ಹಾಗಾಗಿ ನಮಗೆ ಬೇರೆ ದಾರಿ ಇಲ್ಲ. ಅಕ್ಟೋಬರಿನಲ್ಲಿ ಮೊದಲ ಮಂಜು ಬೀಳುವ ಮುಂಚೆ ಅಗೆದು, ಗೇಣುದ್ದ ಬಿಟ್ಟು ಗರಿ ಕತ್ತರಿಸಿ, ಕುಂಡಕ್ಕೆ ಹಾಕಿ ಒಳಗೆ ತರ್ತೀವಿ.

ಒಳಗೆ ತಂದ ಮೇಲೆ ಎರಡು ದಾರಿ. ಒಂದು, ದಕ್ಷಿಣದ ಕಿಟಕಿಯ ಹತ್ತಿರ ಇಟ್ಟು, ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ ನೀರು ಹಾಕೋದು. ಗಿಡ ನಿಧಾನಕ್ಕೆ ಬೆಳೆಯುತ್ತಾ ಇರುತ್ತೆ. ಇನ್ನೊಂದು, ತಂಪಾದ ಬೇಸ್‌ಮೆಂಟಿನಲ್ಲಿ ಮಲಗಿಸೋದು. ನಿಮ್ಮ ವಿಡಿಯೋದವರು ಹೇಳಿದ್ದು ಈ ಎರಡನೇದು. ಅಲ್ಲಿ 5ರಿಂದ 10 ಡಿಗ್ರಿ ಇರಬೇಕು. ಆ ತಂಪಿಗೆ ಗಿಡ ನಿದ್ದೆಗೆ ಹೋಗುತ್ತೆ. ನಿದ್ದೆಯಲ್ಲಿರೋದಕ್ಕೆ ಬೆಳಕೂ ಬೇಡ, ತಿಂಗಳಿಗೆ ಒಂದು ಲೋಟ ನೀರು ಸಾಕು.

ನಿಮ್ಮ ಸ್ಟೋರ್ ರೂಮಿನಲ್ಲಿ ಈಗ 22-23 ಡಿಗ್ರಿ ಇರುತ್ತೆ. ಆ ಸೆಕೆಗೆ ಗಿಡ ಎಚ್ಚರವಾಗೇ ಇತ್ತು. ಊಟಕ್ಕೆ ಬೆಳಕಿಲ್ಲ, ಮೇಲಿಂದ ವಾರಕ್ಕೆ ಎರಡು ಚೊಂಬು ನೀರು. ಕೊಳೆಯದೆ ಏನು ಮಾಡುತ್ತೆ?

ನಾನೂ ಮೊದಲ ವರ್ಷ ಹೀಟರ್ ಪಕ್ಕ ಇಟ್ಟು ಕೊಂದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಣ ಗಾಳಿಗೆ ಗರಿ ಅಡಿಯಲ್ಲೆಲ್ಲ ಕೆಂಪು ನುಸಿ ಬಂದಿತ್ತು. ಈಗ ಹದಿನೈದು ದಿನಕ್ಕೊಮ್ಮೆ ಬಚ್ಚಲಿಗೆ ಒಯ್ದು ಶವರ್ ಕೆಳಗೆ ನಿಲ್ಲಿಸ್ತೀನಿ. ನಮ್ಮ ಯಜಮಾನರು ಅದನ್ನು ಅಭ್ಯಂಜನ ಅಂತಾರೆ.

ಚಾಮುಂಡಿ_ಪಾದ · ಜನವರಿ 10

ಮೈಸೂರಿನ ಮಾಗಿ ಚಳಿಗೆ ಈ ಹುಲ್ಲು ಸಾಯುವುದಿಲ್ಲ. ಡಿಸೆಂಬರ್-ಜನವರಿಯಲ್ಲಿ ನಮ್ಮ ರಾತ್ರಿ 16 ಡಿಗ್ರಿ ಆಸುಪಾಸು. ಬೆಳವಣಿಗೆ ಸ್ವಲ್ಪ ನಿಧಾನ ಆಗುತ್ತದೆ, ಅಷ್ಟೇ. ನಮ್ಮ ಮನೆಯದು ಒಂಬತ್ತು ವರ್ಷದಿಂದ ಕಾಂಪೌಂಡ್ ಪಕ್ಕ ನೆಲದಲ್ಲೇ ಇದೆ, ಒಂದು ದಿನವೂ ಕಂಬಳಿ ಹೊದಿಸಿಲ್ಲ.

ಮಂಡ್ಯದವರು ಕೇಳಿದ ಮೂರನೇ ಪ್ರಶ್ನೆಗೆ ದಯವಿಟ್ಟು ಉತ್ತರ ಕೊಡಿ. ನನ್ನ ಅನುಮಾನವೂ ಅಲ್ಲೇ. ನಿಮ್ಮ ಮನೆಯ ದಕ್ಷಿಣಕ್ಕೆ ಏನಿದೆ?

ತಾರಸಿ_ತೋಟ · ಜನವರಿ 11

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಭಾನುವಾರ, ಬಕೆಟ್ ಬಿಚ್ಚುವ ಕಾರ್ಯಕ್ರಮ ಇಟ್ಟುಕೊಂಡೆ. ಬಿಚ್ಚುವುದು ಅಂದೆ, ಆದರೆ ಅದು ಬರಲೇ ಇಲ್ಲ. ಬಕೆಟ್ ಮಗುಚಿ ಬಡಿದೆ, ಅಲ್ಲಾಡಿಸಿದೆ. ಕೊನೆಗೆ ನನ್ನ ಮಗ ಹಾಕ್ಸಾ ಬ್ಲೇಡಿನಲ್ಲಿ ಬಕೆಟ್ಟನ್ನೇ ಉದ್ದಕ್ಕೆ ಸೀಳಿದ. ಒಳಗೆ ಮಣ್ಣೇ ಇಲ್ಲ! ಬರೀ ಬೇರು. ತೆಂಗಿನ ನಾರಿನ ಕಾಲೊರೆಸು ಸುತ್ತಿಟ್ಟ ಹಾಗೆ, ಬಕೆಟ್ಟಿನ ಆಕಾರಕ್ಕೇ ಸುತ್ತಿಕೊಂಡಿತ್ತು. ತಳದಲ್ಲಿ ತೂತಿನ ಒಳಗೂ ಬೇರು ತೂರಿ ಬಿರಡೆ ಹಾಕಿದ ಹಾಗೆ ಮುಚ್ಚಿಬಿಟ್ಟಿದೆ. ಕೆಳಗಿನ ಎರಡು ಇಂಚು ಕಪ್ಪಗೆ, ವಾಸನೆ ಬರುತ್ತಿದ್ದದ್ದು ಅಲ್ಲಿಂದ. ಒಂದು ಸಲವೂ ಬುಡ ಸಿಗಿದಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಅಷ್ಟು ಚೆನ್ನಾಗಿದೆಯಲ್ಲ, ಯಾಕೆ ಮುಟ್ಟುವುದು ಅಂತ ಬಿಟ್ಟಿದ್ದೆ.

ಬಿಸಿಲಿನ ವಿಷಯ. ದಕ್ಷಿಣದ ಸೈಟಿನಲ್ಲಿ ಶ್ರಾವಣದಿಂದ ಮನೆ ಕಟ್ಟುತ್ತಿದ್ದಾರೆ. ಮೂರನೇ ಮಹಡಿ ಎದ್ದಿದೆ. ಆದರೆ ದಸರಾವರೆಗೂ ಬಿಸಿಲು ಚೆನ್ನಾಗೇ ಬರುತ್ತಿತ್ತಲ್ಲ?

ಚಾಮುಂಡಿ_ಪಾದ · ಜನವರಿ 11

ಸಿಕ್ಕಿತು ನೋಡಿ. ಗೋಡೆ ಅಲ್ಲೇ ಇದೆ, ಸೂರ್ಯ ಜಾರಿದ್ದಾನೆ. ಮೈಸೂರಿನಲ್ಲಿ ಏಪ್ರಿಲಿನಿಂದ ಆಗಸ್ಟಿನವರೆಗೆ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆ ಇರುತ್ತಾನೆ. ಡಿಸೆಂಬರ್ 21ರ ಹೊತ್ತಿಗೆ ದಕ್ಷಿಣಕ್ಕೆ ಎಷ್ಟು ವಾಲುತ್ತಾನೆ ಅಂದರೆ, ನಡುಮಧ್ಯಾಹ್ನವೂ ದಿಗಂತದಿಂದ 54 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತಾನೆ. ಪಕ್ಕದ ಗೋಡೆ ನಿಮ್ಮ ತಾರಸಿಗಿಂತ 20 ಅಡಿ ಎತ್ತರ ಇದ್ದರೆ ಅದರ ನೆರಳು ಆ ಹೊತ್ತಿನಲ್ಲೂ ಸುಮಾರು 14 ಅಡಿ ಬೀಳುತ್ತದೆ. ಬೆಳಿಗ್ಗೆ ಇನ್ನೂ ಉದ್ದ.

ಹುಲ್ಲಿಗೆ ದಿನಕ್ಕೆ ಕಡಿಮೆ ಅಂದರೂ ಆರು ಗಂಟೆ ನೇರ ಬಿಸಿಲು ಬೇಕು. ನಿಮ್ಮ ಗಿಡಕ್ಕೆ ಬಡಿದದ್ದು ಚಳಿ ಅಲ್ಲ, ನೆರಳು. ಬೇರು ಬಿಗಿದುಕೊಂಡು ಮೊದಲೇ ಸೊರಗಿತ್ತು. ಆಮೇಲೆ ನೀವು ಇನ್ನೂ ಕತ್ತಲಿಗೆ ಒಯ್ದಿರಿ.

ಕೂಳೆ_ಕಬ್ಬು · ಜನವರಿ 11

ಸರ್ ಲೆಕ್ಕ ಸರಿಯಾಗಿ ಹಾಕಿದ್ರು. ಈಗ ಅಕ್ಕಾವ್ರು ಕೇಳಿಸಿಕೊಳ್ಳಿ.

ಆ ಬೇರಿನ ಉಂಡೆಯನ್ನ ಕೈಯಲ್ಲಿ ಬಿಡಿಸೋಕೆ ಹೋಗಬೇಡಿ, ಆಗಲ್ಲ. ಗರಗಸವೋ ಹಳೇ ಮಚ್ಚೋ ತಗೊಂಡು ಬದನೆಕಾಯಿ ಸೀಳಿದ ಹಾಗೆ ನಾಲ್ಕು ಭಾಗ ಮಾಡಿ. ನಡುವಿನದ್ದು ಹೆಚ್ಚಾಗಿ ಸತ್ತಿರುತ್ತೆ, ಬಿಸಾಕಿ. ಸುತ್ತ ಹೊರಗಡೆ ಇರೋ ತೆಂಡೆಗಳೇ, ಅಂದರೆ ಬುಡದಿಂದ ಒಡೆದ ಮರಿಗಳೇ ಎಳೆಯವು. ಒಂದೊಂದೇ ಹಿಡಿದು ಬುಡ ಒತ್ತಿ ನೋಡಿ. ಗಟ್ಟಿಯಾಗಿ, ಒಳಗೆ ಬೆಳ್ಳಗೆ ಇದ್ದರೆ ಜೀವ ಇದೆ. ಮೆತ್ತಗಿದ್ದರೆ ಇಲ್ಲ. ಬದುಕಿರೋದನ್ನ ಕೊಳೆತ ಬೇರು ಕತ್ತರಿಸಿ ತೊಳೆಯಿರಿ. ಗರಿಯನ್ನ ನಾಲ್ಕು ಬೆರಳು ಬಿಟ್ಟು ಕತ್ತರಿಸಿ. ಬೇರು ಕಮ್ಮಿ ಇರುವಾಗ ಗರಿ ಉದ್ದ ಇದ್ದರೆ ನೀರು ಸಾಲದೆ ಒಣಗುತ್ತೆ.

ಮಣ್ಣಿಗೆ ಕೆಮ್ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಹಳೇ ಕೊಟ್ಟಿಗೆ ಗೊಬ್ಬರ ಒಂದು ಪಾಲು. ಹಸಿ ಗೊಬ್ಬರ ಬೇಡ, ಅದರ ಕಾವಿಗೆ ಉಳಿದ ಬೇರೂ ಬೆಂದು ಹೋಗುತ್ತೆ. ಒಂದೊಂದು ಕುಂಡಕ್ಕೆ ಮೂರು ತೆಂಡೆ, ಎರಡು ಇಂಚು ಆಳಕ್ಕೆ ಸಾಕು. ಆಳ ಜಾಸ್ತಿ ಆದರೆ ಮತ್ತೆ ಕೊಳೆಯುತ್ತೆ. ನೆಟ್ಟ ದಿನ ಚೆನ್ನಾಗಿ ನೀರು ಕೊಡಿ. ಆಮೇಲೆ ಬೆರಳು ತೂರಿಸಿ ಒಣಗಿದೆಯಾ ನೋಡಿಕೊಂಡೇ ಹಾಕಿ. ಒಂದು ವಾರ ಅರೆನೆರಳು, ಆಮೇಲೆ ಪೂರ್ತಿ ಬಿಸಿಲು.

ಬುಡ ಸಿಗಿಯೋಕೆ ಇದು ಒಳ್ಳೆ ಕಾಲ ಅಲ್ಲ. ಭರಣಿ ಮಳೆ ಬಿದ್ದ ಮೇಲೆ ಮಾಡಬೇಕಾದ ಕೆಲಸ. ಆದರೆ ಮನೆಗೆ ಬೆಂಕಿ ಬಿದ್ದಾಗ ಪಂಚಾಂಗ ನೋಡ್ತಾ ಕೂರೋಕೆ ಆಗಲ್ಲ.

ಸರಸ್ವತಿಪುರಂ_7ನೇ_ಮೇನ್ · ಜನವರಿ 12

ನಡುವೆ ಬಾಯಿ ಹಾಕಿದೆ ಅಂದುಕೊಳ್ಳಬೇಡಿ. ಮಜ್ಜಿಗೆ ಹುಲ್ಲು ಮನೆ ಹತ್ತಿರ ಇದ್ದರೆ ಸೊಳ್ಳೆ ಬರಲ್ಲ ಅಂತ ನಮ್ಮ ವಾಕಿಂಗ್ ಗುಂಪಿನಲ್ಲಿ ಎಲ್ಲರೂ ಹೇಳುತ್ತಾರೆ. ಕ್ಯಾನ್ಸರ್ ವಾಸಿ ಆಗುತ್ತೆ ಅಂತಲೂ ಒಂದು ಫಾರ್ವರ್ಡ್ ಬಂದಿದೆ. ಹೌದಾ? ಇನ್ನೊಂದು, ನಮ್ಮ ಮನೆಯಾಕೆ ಆ ಪೊದೆಗೆ ಹಾವು ಸೇರುತ್ತೆ ಅಂತ ಹೆದರುತ್ತಾಳೆ.

ಚಾಮುಂಡಿ_ಪಾದ · ಜನವರಿ 12

ಕ್ಯಾನ್ಸರ್ ಫಾರ್ವರ್ಡಿನ ಮೂಲ ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ಒಂದು ಪ್ರಯೋಗ. ಈ ಹುಲ್ಲಿನ ವಾಸನೆಗೆ ಕಾರಣವಾದ ಸಿಟ್ರಾಲ್ ಅನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡಿದ್ದರು. ರೋಗಿಗಳಿಗೆ ಕುಡಿಸಿ ನೋಡಿದ್ದಲ್ಲ. ಟೀ ಕುಡಿಯಿರಿ, ಆದರೆ ಡಾಕ್ಟರ ಮಾತ್ರೆ ಬಿಡಬೇಡಿ.

ಸೊಳ್ಳೆಗೆ ಜನ ಹೇಳುವ ಗಿಡ ಇದಲ್ಲ, ಇದರ ದಾಯಾದಿ ಸಿಟ್ರೊನೆಲ್ಲಾ. ಸೊಳ್ಳೆ ಓಡಿಸುವ ಎಣ್ಣೆ ತೆಗೆಯುವುದು ಅದರಿಂದ. ಸಿಟ್ರೊನೆಲ್ಲಾ ಬುಡ ಸಾಮಾನ್ಯವಾಗಿ ಕೆಂಪು ಛಾಯೆ, ನಮ್ಮ ಮನೆಗಳಲ್ಲಿರುವ ಮಜ್ಜಿಗೆ ಹುಲ್ಲಿನದ್ದು ಬಿಳಿ-ಹಸಿರು. ಆದರೆ ಬರೀ ಬಣ್ಣ ನಂಬಬೇಡಿ. ಕೇರಳದ ಕಡೆ ಎಣ್ಣೆಗೆ ಬೆಳೆಯುವ ಕೊಚ್ಚಿನ್ ಹುಲ್ಲಿನಲ್ಲೂ ಕೆಂಪು ಬುಡದ ಜಾತಿ ಇದೆ. ಗರಿ ಹರಿದು ಮೂಸಿ. ನಿಂಬೆಸಿಪ್ಪೆ ವಾಸನೆ ಬಂದರೆ ಟೀಗೆ, ಸೋಪಿನ ಹಾಗೆ ಬಂದರೆ ಬೇಡ. ಯಾವುದೇ ಆಗಲಿ, ಕುಂಡದಲ್ಲಿ ಸುಮ್ಮನೆ ನಿಂತ ಗಿಡ ಸೊಳ್ಳೆ ಓಡಿಸುವುದಿಲ್ಲ. ನಾನು ಆ ಪೊದೆ ಪಕ್ಕ ಕೂತು ಪೇಪರ್ ಓದುವಾಗಲೇ ಕಚ್ಚಿಸಿಕೊಂಡಿದ್ದೇನೆ.

ಕೂಳೆ_ಕಬ್ಬು · ಜನವರಿ 12

ಹಾವು ಹುಲ್ಲಿನ ವಾಸನೆಗೆ ಬರಲ್ಲ, ಇಲಿ ಹಿಂದೆ ಬರುತ್ತೆ. ಒಣಗರಿ ಬುಡದಲ್ಲೇ ಬಿಟ್ಟರೆ ಇಲಿ ಗೂಡು ಕಟ್ಟುತ್ತೆ. ನಮ್ಮ ಕಬ್ಬಿನ ಗದ್ದೆ ನೋಡಿ, ತರಗು ಇದ್ದಲ್ಲೆಲ್ಲ ಇಲಿ. ಎರಡು ಮೂರು ತಿಂಗಳಿಗೊಮ್ಮೆ ಒಂದು ಗೇಣು ಬಿಟ್ಟು ಕುಡ್ಲಲ್ಲಿ ಕೊಯ್ದು, ಒಣಗಿದ್ದು ಬಾಚಿ ತೆಗೆದರೆ ಬುಡ ಬಯಲಾಗಿರುತ್ತೆ. ಅಮ್ಮಾವ್ರಿಗೆ ಹೆದರಬೇಡಿ ಅಂತ ಹೇಳಿ. ಕೊಯ್ಯುವಾಗ ತುಂಬು ತೋಳಿನ ಅಂಗಿ ಹಾಕ್ಕೊಳ್ಳಿ, ಗರಿ ಅಂಚು ಬ್ಲೇಡಿದ್ದಂಗೆ. ಕುಯ್ದಿದ್ದು ಆಗ ಗೊತ್ತಾಗಲ್ಲ, ರಾತ್ರಿ ಸಾರು ಕಲಸುವಾಗ ಗೊತ್ತಾಗುತ್ತೆ.

ತಾರಸಿ_ತೋಟ · ಜನವರಿ 18

ವರದಿ ಒಪ್ಪಿಸುತ್ತಿದ್ದೇನೆ. ಎಣಿಸಿದರೆ ಎಂಬತ್ತಕ್ಕೂ ಜಾಸ್ತಿ ತೆಂಡೆ ಇತ್ತು. ಒತ್ತಿ ನೋಡಿ ಆರಿಸಿದಾಗ ಉಳಿದದ್ದು ಹದಿನಾಲ್ಕು. ಹನ್ನೆರಡನ್ನು ನಾಲ್ಕು ಕುಂಡಕ್ಕೆ ಹಾಕಿದೆ. ಬೇರೇ ಇಲ್ಲದ ಎರಡನ್ನು ಗಾಜಿನ ಲೋಟದಲ್ಲಿ ಒಂದು ಇಂಚು ನೀರು ಹಾಕಿ ಅಡುಗೆಮನೆ ಕಿಟಕಿಯಲ್ಲಿ ನಿಲ್ಲಿಸಿದ್ದೇನೆ.

ನೆರಳಿನ ಲೆಕ್ಕವನ್ನೂ ಪರೀಕ್ಷೆ ಮಾಡಿದೆ. ಬೆಳಿಗ್ಗೆ ಎಂಟರಿಂದ ಗಂಟೆಗೊಂದು ಸಲ ತಾರಸಿಗೆ ಹೋಗಿ ಗೋಡೆ ನೆರಳಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಹಳೇ ಜಾಗಕ್ಕೆ ಬಿಸಿಲು ಬಿದ್ದದ್ದು ಮೂರೂವರೆ ಮೇಲೆ! ಉತ್ತರದ ತುದಿಯಲ್ಲಿ ಒಂಬತ್ತರಿಂದ ಸಂಜೆವರೆಗೂ ಬಿಸಿಲಿದೆ. ಆದರೆ ಅದು ನಮ್ಮತ್ತೆ ಬಟ್ಟೆ ಒಣಹಾಕುವ ಜಾಗ. ಹುಲ್ಲು ಬೆಳೆದು ಸೀರೆ ಸೆರಗು ಎಳೆದರೆ ಗಿಡ ಕೆಳಗೆ ಬಿಸಾಕ್ತೀನಿ ಅಂದಿದ್ದಾರೆ. ಸದ್ಯಕ್ಕೆ ಒಪ್ಪಂದ ಆಗಿದೆ: ಶಿವರಾತ್ರಿವರೆಗೆ ಅಲ್ಲಿ, ಆಮೇಲೆ ಬಿಸಿಲು ಎತ್ತರಕ್ಕೆ ಬಂದ ಮೇಲೆ ವಾಪಸ್ ಹಳೇ ಜಾಗಕ್ಕೆ.

ಶಿಕಾಗೋ_ಮೈಸೂರ್‌ಪಾಕ್ · ಜನವರಿ 18

ನೀವೂ ಕೊನೆಗೆ ನಮ್ಮ ಹಾಗೆ ಕುಂಡ ಹೊತ್ತುಕೊಂಡು ಓಡಾಡೋ ಹಾಗಾಯಿತು!

ಲೋಟದ್ದಕ್ಕೆ ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಿ, ಇಲ್ಲದಿದ್ದರೆ ಲೋಳೆ ಕಟ್ಟುತ್ತೆ. ನನ್ನ ಗಿಡ ಶುರುವಾಗಿದ್ದೇ ಹಾಗೆ. ಇಲ್ಲಿನ ವಿಯೆಟ್ನಾಮಿ ಅಂಗಡಿಯಲ್ಲಿ ಅಡುಗೆಗೆ ಅಂತ ಮಾರುವ ದಂಟು ತಂದು, ಬುಡ ಪೂರ್ತಿ ಇರುವ ಎರಡನ್ನು ಆರಿಸಿ ನೀರಲ್ಲಿಟ್ಟೆ. ಎರಡು ವಾರಕ್ಕೆ ಬಿಳೀ ಬೇರು ಬಂತು. ಆ ಜನ ದಂಟಿನ ಬಿಳೀ ಭಾಗ ಜಜ್ಜಿ ಸಾರಿಗೆ ಹಾಕುತ್ತಾರೆ, ಗರಿ ಬಿಸಾಡುತ್ತಾರೆ. ನಾವು ಗರಿ ಇಟ್ಟುಕೊಂಡು ದಂಟು ಮರೆಯುತ್ತೇವೆ. ನಮ್ಮಜ್ಜಿ ಮಾತ್ರ ಎರಡನ್ನೂ ಬಿಡುತ್ತಿರಲಿಲ್ಲ. ಒಂದು ದಂಟು, ಚೂರು ಶುಂಠಿ, ಉಪ್ಪು, ಒರಳಲ್ಲಿ ಜಜ್ಜಿ ಮಜ್ಜಿಗೆಗೆ ಹಿಂಡುತ್ತಿದ್ದರು. ಶಿಕಾಗೋದ ಜುಲೈನಲ್ಲಿ ನಾನು ಅದನ್ನೇ ಮಾಡ್ತೀನಿ.

ಬನ್ನೂರು_ಹುಡುಗ · ಫೆಬ್ರವರಿ 2

ಅಕ್ಕ, ಎಪ್ಸಮ್ ಸಾಲ್ಟ್ ಹೇಳಿದ್ದಕ್ಕೆ ಸಾರಿ. ಚಿಗುರಿತಾ?

ತಾರಸಿ_ತೋಟ · ಫೆಬ್ರವರಿ 4

ಪರವಾಗಿಲ್ಲ ಬಿಡಪ್ಪ. ನಾಲ್ಕರಲ್ಲಿ ಮೂರು ಕುಂಡ ಚಿಗುರಿದೆ. ಕತ್ತರಿಸಿದ ಗರಿಯ ನಡುವಿಂದ ಸುರುಳಿ ಸುತ್ತಿದ ಎಳೆ ಹಸಿರು ಮೇಲೆ ಬಂದಿದೆ, ದಿನಕ್ಕೆ ಒಂದು ಬೆರಳು ಅಗಲ ಬೆಳೆಯುತ್ತೆ. ಮೊದಲು ಕತ್ತರಿಸಿದ ಭಾಗವೇ ಉದ್ದ ಆಗುತ್ತೆ, ತುದಿ ಕತ್ತರಿಯಲ್ಲಿ ಕತ್ತರಿಸಿದ ಹಾಗೇ ಮೊಂಡಾಗಿ ಇರುತ್ತೆ. ಆಮೇಲೆ ಬರುವ ಗರಿಗೆ ಚೂಪು ತುದಿ. ಇದನ್ನು ಇಷ್ಟು ದಿನ ಗಮನಿಸಿಯೇ ಇರಲಿಲ್ಲ. ನಾಲ್ಕನೇ ಕುಂಡ ಸದ್ದಿಲ್ಲ. ಲೋಟದ ಎರಡರಲ್ಲಿ ಒಂದಕ್ಕೆ ಬೇರು ಬಂದಿದೆ, ಇನ್ನೊಂದನ್ನು ಅತ್ತೆ ಲೋಟ ಬೇಕು ಅಂತ ಎಸೆದರು.

ಕೂಳೆ_ಕಬ್ಬು · ಫೆಬ್ರವರಿ 4

ಇನ್ನು ಹುಷಾರಾಗಿರಬೇಕಾದದ್ದು ಮಾರ್ಚ್, ಏಪ್ರಿಲ್. ನಮ್ಮ ಕಡೆ ಈ ಹುಲ್ಲಿಗೆ ಕಷ್ಟಕಾಲ ಅಂದರೆ ಅದೇ. ಕುಂಡದ ಮಣ್ಣು ಮಧ್ಯಾಹ್ನ ಮುಟ್ಟಿದರೆ ಸುಡುತ್ತೆ. ಬೆಳಿಗ್ಗೆಯೇ ನೀರು ಹಾಕಿ. ಮಣ್ಣಿನ ಮೇಲೆ ಎರಡು ಬೆರಳು ದಪ್ಪ ಒಣಗರಿ ಹೊದಿಸಿ. ಬುಡಕ್ಕೆ ತಾಗಿಸಬೇಡಿ, ಸುತ್ತ ಹಾಕಿ. ಅಕ್ಕಿ ತೊಳೆದ ನೀರು ಹಾಕಬಹುದು. ತುದಿ ಒಣಗಿದರೆ ಗಾಬರಿ ಬೇಡ. ಆಗ ಜಾಸ್ತಿ ಕೊಯ್ಲೂ ಬೇಡ, ಟೀಗೆ ಎರಡು ಗರಿ ಸಾಕು.

ಸರಸ್ವತಿಪುರಂ_7ನೇ_ಮೇನ್ · ಮಾರ್ಚ್ 3

ಒಣಗಿಸಿ ಇಟ್ಟುಕೊಳ್ಳುವುದು ಹೇಗೆ? ಬಿಸಿಲಿಗೆ ಹಾಕಿದೆ, ಹುಲ್ಲಿನ ಬಣವೆ ವಾಸನೆ ಬಂತು.

ಚಾಮುಂಡಿ_ಪಾದ · ಮಾರ್ಚ್ 3

ನೆರಳಲ್ಲಿ. ಇಂಚಿಂಚು ಕತ್ತರಿಸಿ, ಬಟ್ಟೆ ಮೇಲೆ ಹರಡಿ ಫ್ಯಾನ್ ಗಾಳಿಗೆ. ವಾಸನೆ ಇರುವುದೆಲ್ಲ ಎಣ್ಣೆಯಲ್ಲಿ, ಅದು ಬಿಸಿಲಿಗೆ ಹಾರಿಹೋಗುತ್ತದೆ. ಗರಿ ಮುರಿದರೆ ಪಟ್ ಅನ್ನಬೇಕು. ಆಮೇಲೆ ಗಾಜಿನ ಡಬ್ಬಿಗೆ.

ತಾರಸಿ_ತೋಟ · ಮೇ 14

ಕಳೆದ ವಾರ ಎರಡು ಜೋರು ಮಳೆ ಬಂತು. ಮೂರೂ ಕುಂಡ ನನ್ನ ಮೊಣಕೈ ಎತ್ತರ ದಾಟಿದೆ. ಬಿಸಿಲು ಹಳೇ ಜಾಗಕ್ಕೆ ವಾಪಸ್ ಬಂದಿದೆ, ಪಕ್ಕದ ಗೋಡೆಯ ನೆರಳು ಈಗ ಗೋಡೆಯ ಬುಡದಲ್ಲೇ ಇರುತ್ತೆ. ಕುಂಡ ಅಲ್ಲಿಗೇ ಬಂದಿದೆ, ಅತ್ತೆಯ ಸೀರೆಗೂ ಶಾಂತಿ. ಆ ಲೋಟದ ಗಿಡವನ್ನು ಅತ್ತೆಯೇ ತಮ್ಮ ತುಳಸಿ ಕಟ್ಟೆ ಪಕ್ಕ ನೆಟ್ಟುಕೊಂಡಿದ್ದಾರೆ. ದಿನಾ ಸಂಜೆ ಎರಡು ಗರಿ ಕೊಯ್ದು ಕಷಾಯ ಮಾಡಿಕೊಳ್ಳುತ್ತಾರೆ, ನಮ್ಮನ್ನು ಕೇಳುವುದೂ ಇಲ್ಲ.

ಮಂಡ್ಯದ ಅಣ್ಣನ ಮಾತಿನಂತೆ ದೊಡ್ಡ ಕುಂಡವನ್ನು ನಿನ್ನೆ ಸಿಗಿದೆ. ಒಂಬತ್ತು ತೆಂಡೆ ಜಾಸ್ತಿ ಆಗಿದೆ. ಮೈಸೂರಿನಲ್ಲಿ ಯಾರಿಗಾದರೂ ಬೇಕಾದರೆ ಶನಿವಾರ ಸಂಜೆಯೊಳಗೆ ಇಲ್ಲಿ ಹೇಳಿ, ಒದ್ದೆ ಪೇಪರಿನಲ್ಲಿ ಸುತ್ತಿ ಇಟ್ಟಿದ್ದೇನೆ.

ಬನ್ನೂರು_ಹುಡುಗ · ಮೇ 14

ನನಗೆ ಮೂರು ಅಕ್ಕ. ಶನಿವಾರ ಸಂತೆಗೆ ಬರ್ತೀನಿ. ಬಕೆಟ್ ಬೇಡ, ಹಿತ್ತಲಲ್ಲಿ ನೆಲಕ್ಕೇ ಹಾಕ್ತೀನಿ.

ಕೂಳೆ_ಕಬ್ಬು · ಮೇ 15

ತಮ್ಮಾ, ನೆಲಕ್ಕೆ ಹಾಕೋದಾದರೆ ಒಂದಕ್ಕೊಂದು ಎರಡಡಿ ದೂರ ಇರಲಿ. ಬಚ್ಚಲು ನೀರು ನಿಲ್ಲೋ ಕಡೆ ಬೇಡ. ಇನ್ನು ದಕ್ಷಿಣಕ್ಕೆ ಏನಿದೆ ನೋಡ್ಕೊ.